ಕುಬಸದ ಸೆರಗಿನಲ್ಲಿ ಡಬ್ಬಗಳ್ಳಿ

ನನ್ನ ಏಳನೇ ತಿಂಗಳ ಬಸಿರಿನ ಕುಬಸಕ್ಕೆ ಅವ್ವ ತಾನೇ ಕಸೂತಿ ಹಾಕಿ ತಂದ ಹಸಿರು ಇಳಕಲ್ ಸೀರೆ ಬಿಚ್ಚಿ ನೋಡಿ ಅತ್ತೆ ಹುಬ್ಬು ಗಂಟಿಕ್ಕಿದರು. ಕೆಂಪು ಸೆರಗಿನ ಮೇಲೆ ಕಸೂತಿಯ ಎಂದಿನ ಗೋಪುರವಿಲ್ಲ, ತುಳಸಿಕಟ್ಟೆಯಿಲ್ಲ, ಬೇಲಿಯ ಡಬ್ಬಗಳ್ಳಿ! ಒಂದರ ಹೆಗಲೇರಿ ಇನ್ನೊಂದು ಕೂತ ದಪ್ಪ ಹಸಿರು ಹಾಳೆಗಳು, ಬಿಳಿ ನೂಲಿನ ಮುಳ್ಳು, ಅಂಚಿಗೆ ಹಳದಿ ಹೂ.

“ಬಸರಿ ಹೆಂಗಸಿಗೆ ಯಾರರ ಮುಳ್ಳು ಉಡಸ್ತಾರೇನ್ರಿ?” ಎಂದರು ಅತ್ತೆ. ಹುನಗುಂದದ ನಮ್ಮ ಪಡಸಾಲೆಯಲ್ಲಿ ಕೂತಿದ್ದ ಹೆಂಗಸರೆಲ್ಲ ಸೆರಗಿನತ್ತ ಬಗ್ಗಿದರು.

ಬೀಗರೆದುರು ಎಂದೂ ದನಿಯೆತ್ತದ ಅವ್ವ ಸೆರಗನ್ನು ಬೆಳಕಿಗೆ ಹಿಡಿದಳು. “ಹೂವಿನ ಬುಡಾ ನೋಡ್ರಿ ಅಕ್ಕಾರ. ಬ್ಯಾರೆ ಗಿಡದಾಗ ಹೂ ಉದುರಿದ ಮ್ಯಾಲೆ ಕಾಯಿ ಕಾಣತೈತಿ. ಇದಕ್ಕ ಮೊಗ್ಗಿದ್ದಾಗನ ಹೊಟ್ಟಿ ಬಂದಿರತೈತಿ. ಹೂ ಅದರ ನೆತ್ತಿ ಮ್ಯಾಲೆ ಅರಳತೈತಿ. ಮುಳ್ಳು ಸುತ್ತ ಕಾವಲು ಕುಂತಿರತಾವ.”

ಅತ್ತೆ ಹಿತ್ತಲಿಗೆ ಹೋಗಿ, ಕಳ್ಳಿ ಬೇಲಿಯ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. ಒಳಗೆ ಬಂದವರು ಬೆರಳಿಗೆ ಚುಚ್ಚಿದ ಮುಳ್ಳು ಕೀಳುತ್ತಲೇ, “ಉಡಸ್ರಿ” ಎಂದರು.

ಇದು ಎಂಬತ್ತರ ಸುಮಾರಿನ ಮಾತು. ಆ ಸೀರೆ ಉಟ್ಟರೆ ಇಂದಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಮರುವರ್ಷ ನಾದಿನಿಯ ಕುಬಸಕ್ಕೆ ಅತ್ತೆಯೇ ಹೊಸ ಸೀರೆ ಹಿಡಿದು ಬಾದಾಮಿಗೆ, ಅವ್ವನ ಮನೆಗೆ ಹೋಗಿ ಹೇಳಿದ್ದರು: “ಕಳ್ಳಿನ ಹಾಕ್ರಿ. ಒಂದು ಮುಳ್ಳೂ ಬಿಡಬ್ಯಾಡ್ರಿ.”