ಎರಡು ಸಲ ತುಳಿಯುವ ಬ್ರೇಕು

ನಮ್ಮಕ್ಕ ವೀರವ್ವನ ಗಂಡ ಕುಬೇರಪ್ಪ ಮಾವ ಒಂದು ಕಡೆ ನೆಟ್ಟಗೆ ಕೂತದ್ದನ್ನು ನಾನು ಕಂಡವನಲ್ಲ. ಊಟದ ನಡುವೆಯೂ ಎದ್ದು ಹೋಗಿ ಮೋಟಾರಿನ ಗಾಲಿ ಒತ್ತಿ ನೋಡಿ ಬರುತ್ತಿದ್ದ. ಹಾನಗಲ್ಲಿನಿಂದ ಹಿರೇಕೆರೂರಿಗೆ ವರ್ಷಾನುಗಟ್ಟಲೆ ಸರ್ವಿಸು ಓಡಿಸಿದ ಗಾಡಿ ಅದು. ನಲವತ್ತೆರಡರಲ್ಲಿ ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದಂತಾಗಿ ಅದು ಎತ್ತುಗಳ ಪಕ್ಕದಲ್ಲಿ ಕೊಟ್ಟಿಗೆ ಸೇರಿತು. ಮಾವ ದಿನಾ ಅದರ ಸುತ್ತ ತಿರುಗಿ ತಿರುಗಿ ಕೊನೆಗೆ ಮಾರಿಬಿಡುತ್ತೇನೆಂದ. ಮಾರಪ್ಪಾ ಮಾರಾಯ, ನಮಗೂ ಒಂದಿಷ್ಟು ನೆಮ್ಮದಿ ಸಿಗಲಿ ಎಂದು ನಾವೂ ಒಪ್ಪಿದೆವು.

ಕೊಳ್ಳಲು ಬಂದವನು ಸವಣೂರಿನ ಗುತ್ತಿಗೆದಾರ ಫಕ್ಕೀರಪ್ಪ. ಅವನಿಗೆ ಪೆಟ್ರೋಲಿನ ಕೂಪನ್ ಸಿಗುತ್ತಿತ್ತು. ಬಂದದ್ದು ಮಾತ್ರ ಶುಕ್ರವಾರ. ಅನ್ನ ಹಾಕಿದ ಗಾಡಿ ಲಕ್ಷ್ಮಿಯಿದ್ದಂತೆ, ಶುಕ್ರವಾರ ಮಾರಿ ಹೊರಗೆ ಕಳಿಸುವುದಿಲ್ಲ ಎಂದು ಅಕ್ಕ ಬಾಗಿಲಿಗೇ ನಿಂತಳು. ಫಕ್ಕೀರಪ್ಪನಿಗೋ ಮರುದಿನವೇ ಹುಲಗೂರಿನಲ್ಲಿ ತಮ್ಮನ ಮದುವೆ, ಮದುಮಗನನ್ನು ಮೋಟಾರಿನಲ್ಲೇ ಇಳಿಸಬೇಕೆಂಬ ಹಟ. ಇವತ್ತು ಬರೀ ಓಡಿಸಿ ನೋಡಲು ಒಯ್ಯುತ್ತೇನೆ, ಸೋಮವಾರ ಧಾರವಾಡಕ್ಕೆ ಹೋಗಿ ಹೆಸರು ಬದಲಿಸೋಣ, ವ್ಯಾಪಾರ ಅವತ್ತೇ ಮುಗಿಯಲಿ ಎಂದ. ಅಕ್ಕನಿಗೂ ಒಪ್ಪಿಗೆಯಾಯಿತು, ಮಾವನಿಗೂ ಆಯಿತು. ಇಬ್ಬರ ಬುದ್ಧಿಯೂ ಆ ಹೊತ್ತು ಎಲ್ಲಿಗೆ ಮೇಯಲು ಹೋಗಿತ್ತೋ! ಗಾಡಿ ಅವನ ಕೈಯಲ್ಲಿ, ಹೆಸರು ಮಾವನದು.

ಆ ಗಾಡಿಗೊಂದು ಐಬಿತ್ತು. ಬ್ರೇಕನ್ನು ಎರಡು ಸಲ ತುಳಿದರೆ ಮಾತ್ರ ಹಿಡಿಯುತ್ತಿತ್ತು. ಫಕ್ಕೀರಪ್ಪ ಚಾಲು ಮಾಡಿ ಕೂತಾಗ ಮಾವ ಬಗ್ಗಿ ಅದನ್ನು ಹೇಳಿದ. ಪಕ್ಕದಲ್ಲೇ ಗಾಜು ಒರೆಸುತ್ತಿದ್ದ ನಾನು ಈ ಕಿವಿಯಿಂದಲೇ ಕೇಳಿದೆ.

ಗಾಡಿ ಮರೆಯಾಗಿದ್ದೇ ತಡ, ಮಾವ ಕಟ್ಟೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಕಟ್ಟೆಗೆ ತಿರುಗತೊಡಗಿದ.

"ಬ್ರೇಕಿಂದು ಹೇಳಿದ್ನೋ ಇಲ್ಲೋ?"

"ಹೇಳೀರಿ ಮಾವಾ. ನಾ ಕೇಳೇನಿ."

"ನನ್ನ ಸಮಾಧಾನಕ್ಕ ಸುಳ್ಳು ಹೇಳಬ್ಯಾಡ."

ಇಂಥವನಿಗೆ ಏನು ಹೇಳುತ್ತೀರಿ? ಟಾಯರಿನದು ಹೇಳಿದ್ದು ನೆನಪಿದೆ, ಹಾರ್ನಿನದು ನೆನಪಿದೆ, ಬ್ರೇಕಿನದು ಮಾತ್ರ ನೆನಪಿಲ್ಲವಂತೆ. ಮದುವೆಯ ಗಾಡಿ, ಹೆಣ್ಣುಮಕ್ಕಳು ಮಕ್ಕಳೆಲ್ಲ ತುಂಬಿಕೊಂಡಿರುತ್ತಾರೆ ಎಂದು ಒಂದೇ ಸಮನೆ ಬಡಬಡಿಸಿದ. ಬೆಳಗಾಗುತ್ತಲೇ ಶಿಗ್ಗಾವಿಯ ಬಸ್ಸು ಹತ್ತಿದ. ಅಕ್ಕನ ಕಾಟಕ್ಕೆ ನಾನೂ ಹತ್ತಿದೆ. ಶಿಗ್ಗಾವಿಯಿಂದ ಸವಣೂರಿಗೆ ಹೋದರೆ ಫಕ್ಕೀರಪ್ಪನ ಮನೆಗೆ ಕೀಲಿ. ದಿಬ್ಬಣ ನಸುಕಿನಲ್ಲೇ ಹುಲಗೂರಿಗೆ ಹೊರಟಿತೆಂದು ನೆರೆಯವರು ಹೇಳಿದರು. ಬಾಡಿಗೆ ಚಕ್ಕಡಿ ಹಿಡಿದೆವು. ಎತ್ತು ನಡೆದದ್ದು ಸಾಲದೆಂದು ಮಾವ ಇಳಿದು ಮುಂದೆ ಮುಂದೆ ತಾನೇ ಓಡಿದ. ನನಗೆ ಸಿಟ್ಟು ನೆತ್ತಿಗೇರಿತ್ತು, ಹೊಟ್ಟೆ ಬೇರೆ ಹಸಿದಿತ್ತು.

ಹುಲಗೂರಿನಲ್ಲಿ ವಾಲಗದ ಸದ್ದೇ ಇರಲಿಲ್ಲ. ನಮ್ಮ ಗಾಡಿ ಒಂದು ಗೋಡೆಗೆ ಮೂತಿ ಇಟ್ಟು ನಿಂತಿತ್ತು. ಹಳ್ಳಿಯಿಂದ ಹಳ್ಳಿಗೆ ನಡೆದು ಬಳೆ ಮಾರುವ ಜನ್ನತಬಿ ಎಂಬ ಮುದುಕಿಗೆ ಅದು ಬಡಿದಿತ್ತು. ಚಾವಡಿಯ ಮುಂದೆ ಹೊರಸಿನ ಮೇಲೆ ಅವಳನ್ನು ಮಲಗಿಸಿ, ಮುರಿದ ಕಾಲಿಗೆ ಬಿದಿರು ದಬ್ಬೆ ಕಟ್ಟಿದ್ದರು. ಶಿಗ್ಗಾವಿಯಿಂದ ಬಂದ ಪೊಲೀಸ್ ಫೌಜದಾರ ಫಕ್ಕೀರಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡಿದ್ದ.

ಗಾಡಿ ತನ್ನದಲ್ಲ, ಓಡಿಸಿ ನೋಡಲು ತಂದದ್ದು, ಬ್ರೇಕು ಹೀಗಿದೆಯೆಂದು ಯಾರೂ ಹೇಳಲಿಲ್ಲ ಎಂದು ಅವನು ನಮ್ಮ ಮುಖ ನೋಡದೆ ಹೇಳುತ್ತಿದ್ದ. ಫೌಜದಾರ ಮಾವನ ಕಡೆ ತಿರುಗಿ, ಹೇಳಿದ್ದೆಯೋ ಇಲ್ಲವೋ ಎಂದು ಕೇಳಿದ.

"ನೆನಪಿಲ್ಲರೀ," ಎಂದ ನಮ್ಮ ಮಾವ.

ನಾನು ಹಣೆ ಹಣೆ ಬಡಿದುಕೊಂಡೆ. ಹೇಳಿದ್ದಾನೆ, ನಾನೇ ಕೇಳಿದ್ದೇನೆ ಎಂದು ಕೂಗಿದೆ. ನೀನು ಯಾರೆಂದು ಕೇಳಿದ ಫೌಜದಾರ, ಹೆಂಡತಿಯ ತಮ್ಮನೆಂದು ಗೊತ್ತಾದ ಮೇಲೆ ನನ್ನ ಕಡೆ ನೋಡಲೂ ಇಲ್ಲ. ಗಾಡಿ ಕೊಡುವಾಗ ಮೂರನೆಯವರೊಬ್ಬರನ್ನು ಸಾಕ್ಷಿಗೆ ಕರೆಯಬೇಕೆಂದು ನಮಗೆ ಹೊಳೆದೇ ಇರಲಿಲ್ಲ.

ಆಗ ಹೊರಸಿನಿಂದ ಜನ್ನತಬಿ ಮಾತಾಡಿದಳು. ದನಿ ಸಣ್ಣಗಿತ್ತು.

"ಸಾಹೇಬ್ರ, ನಾ ಬಿದ್ದಾಗ ಇಂವಾ ಇಳದು ತಲಿ ಬಡಕೊಂಡ. ಎರಡು ಸಲ ತುಳಿ ಅಂತ ಹಾನಗಲ್ಲಾಂವ ಹೇಳಿದ್ದ, ಮರತೇ ಬಿಟ್ಟೆ ಅಂದ. ನನ್ನ ಕಾಲು ಹೋಗೇತಿ, ಕಿವಿ ಹೋಗಿಲ್ಲ."

ಫಕ್ಕೀರಪ್ಪ ತಲೆ ತಗ್ಗಿಸಿದ. ಮಾವನ ಮುಖ ಅರಳಿತು. ಎದೆಯ ಮೇಲಿನ ಭಾರ ಇಳಿದು ಅಲ್ಲೇ ನೆಲದ ಮೇಲೆ ಹೊರಸಿನ ಪಕ್ಕ ಕುಕ್ಕರಿಸಿದ. ಕಣ್ಣಲ್ಲಿ ನೀರು ಬಂದಿತ್ತು.

"ಹೇಳಿದ್ನಂತವ್ವಾ ನಾನು. ಹೇಳಿದ್ನಂತ."

ಮುದುಕಿ ಅವನ ಕಡೆ ಕತ್ತು ಹೊರಳಿಸಿದಳು.

"ಹೇಳಿದ್ದಿ ಯಪ್ಪಾ. ಗೊತ್ತಿದ್ದೂ ಯಾಕ ಕೊಟ್ಟಿ?"

ಮಾವ ನಿಧಾನವಾಗಿ ಎದ್ದು ಫೌಜದಾರನ ಮುಂದೆ ನಿಂತ.

"ಗಾಡಿ ನಂದರೀ," ಎಂದ. "ನನ್ನ ಹೆಸರೂ ಬರಕೊಳ್ರಿ."