ಲ್ಯಾಬ್ ಮೇಡಂ ಮತ್ತು ಮೂವತ್ತು ಸೆಕೆಂಡು

ಸೋಲ್ಡರಿಂಗ್ ಪೇಸ್ಟಿನ ಹೊಗೆಗೆ ಸುಟ್ಟ ಧೂಪದಂಥ ಕಟು ವಾಸನೆ. ಚಿತ್ತವಾಡ್ಗಿಯ ನನ್ನ ವರ್ಕ್‌ಶಾಪಿನಲ್ಲಿ ದಿನವೂ ಅದರೊಳಗೇ ಇರುವುದರಿಂದ ಮೂಗಿಗೆ ತಿಳಿಯುವುದಿಲ್ಲ. ಮೊನ್ನೆ ಜ್ವರ ಬಿಟ್ಟು ಎದ್ದು ಬಂದು ಕೆಲಸಕ್ಕೆ ಕೂತಾಗ ಮಾತ್ರ ಆ ಹೊಗೆ ನನ್ನನ್ನು ನೇರ ಪಾಲಿಟೆಕ್ನಿಕ್ಕಿನ ಲ್ಯಾಬಿಗೆ ಕರೆದುಕೊಂಡು ಹೋಯಿತು. ಕಿಟಕಿ ಪಕ್ಕದ ಬೆಂಚು, ಅದರ ಮೇಲೆ ಬಾಗಿ ನಿಂತ ನಮ್ಮ ಮೇಡಂ...

ಹೊಸಪೇಟೆಯಲ್ಲಿ ಡಿಪ್ಲೊಮಾ ಓದುವಾಗ ನಮಗೆ ಮೈಕ್ರೊಕಂಟ್ರೋಲರ್ ಕಲಿಸಿದವರು ಅವರು. ನೂಲಿನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಲ್ಯಾಬಿಗೆ ಬರುತ್ತಿದ್ದರು. ದನಿ ಗಟ್ಟಿ, ನಗು ಅಪರೂಪ.

ಕೊನೆಯ ವರ್ಷ ಎಲ್ಲರೂ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಬಹಳ ಮಂದಿ ಅಂಗಡಿಯಿಂದ ತಯಾರಾದ ಕಿಟ್ ತಂದು ತೋರಿಸುತ್ತಿದ್ದರು. ನಾನು ಮತ್ತು ಸಂಡೂರಿನ ಗೆಳತಿ ರೇಣುಕಾ ಕೂಡ ಹಾಗೇ ಮಾಡಬಹುದೇ ಎಂದು ಕೇಳಲು ಹೋದೆವು. ಮೇಡಂ ನನ್ನನ್ನು ನೋಡಿ, "ನಿಮ್ಮಪ್ಪ ಏನ್ ಕೆಲಸ ಮಾಡ್ತಾರವ್ವಾ?" ಎಂದರು.

ಅಪ್ಪ ಎಮ್ಮಿಗನೂರಿನಲ್ಲಿ ಕುಡಿಯುವ ನೀರಿನ ಬೋರಿನ ಮೋಟಾರ್ ನೋಡಿಕೊಳ್ಳುತ್ತಿದ್ದರು. ಹಿಂದಿನ ಬೇಸಿಗೆಯಲ್ಲಿ ಬೋರಿನ ನೀರು ಇಳಿದು, ಖಾಲಿ ಓಡಿದ ಮೋಟಾರ್ ಸುಟ್ಟಿತ್ತು. ಇನ್ನೊಮ್ಮೆ ಸುಟ್ಟರೆ ಕೆಲಸ ಬಿಡಬೇಕೆಂದು ಊರಿನ ಹಿರಿಯರು ಅಪ್ಪನಿಗೆ ಹೇಳಿದ್ದರು. ಇದನ್ನೆಲ್ಲ ಮೇಡಂಗೆ ಹೇಳಿದೆ.

"ಹಂಗಾರ ಅಂಗಡಿ ಕಿಟ್ ಯಾಕ? ಮೊದ್ಲು ನಿಮ್ಮಪ್ಪನ ಮೋಟಾರ್ ಉಳಸ್ರಿ" ಎಂದರು ಮೇಡಂ.

ಶುರುವಾಗಿದ್ದು ಹಾಗೆ. ಬೋರಿನಲ್ಲಿ ನೀರು ಇಳಿದರೆ ಮೋಟಾರ್ ತಾನೇ ನಿಲ್ಲಬೇಕು. ನೀರು ಏರಿದರೂ, ಹೋದ ಕರೆಂಟ್ ಮರಳಿ ಬಂದರೂ, ಮೂವತ್ತು ಸೆಕೆಂಡು ಕಾದೇ ಹೊರಡಬೇಕು. ಇಲ್ಲವಾದರೆ ಮೋಟಾರ್ ನಿಂತು ಹೊರಟು, ಮತ್ತೆ ನಿಂತು ಹೊರಟು ಸುಡುತ್ತದೆ. ಮೋಟಾರ್ ನಡೆಸುವ ಚಿಪ್ಪಿಗೆ ಅಸೆಂಬ್ಲಿ ಎಂಬ ಭಾಷೆಯಲ್ಲಿ ಕೋಡ್ ಬರೆದು, ಕಾಯಬೇಕಾದ ಕಡೆಯಲ್ಲೆಲ್ಲ 30 ಎಂದು ಹಾಕಿದೆವು. ಮೇಡಂ ನೋಡಿ ಹುಬ್ಬು ಗಂಟಿಕ್ಕಿದರು.

"ನಾಳೆ ಇದು ನಲವತ್ತಾಗಬೇಕು ಅಂದ್ರ ಎಲ್ಲೆಲ್ಲಿ ಹುಡುಕ್ತೀರಿ? ಅದಕ್ಕೊಂದು ಹೆಸರು ಕೊಡ್ರಿ."

ಕೋಡಿನ ತಲೆಯ ಮೇಲೆ ಅವರು ಹೇಳಿದಂತೆ ಬರೆದೆವು: WAIT EQU 30, ಅಂದರೆ WAIT ಎಂದಲ್ಲೆಲ್ಲ ಮೂವತ್ತು. ಇದನ್ನೂ ಚಿಪ್ಪು ಓದಿ ನೆನಪಿಟ್ಟುಕೊಳ್ಳುತ್ತದೆಯೇ ಎಂದು ರೇಣುಕಾ ಕೇಳಿದಳು.

"ಇಲ್ಲವ್ವಾ. ಮನಿ ಕಟ್ಟಸೋವಾಗ ಮೇಸ್ತ್ರಿಗೆ ಹೇಳ್ತೀವಿ, ಪಾಯ ಇಲ್ಲಿಂದ ತಗೀರಿ, ಬಾಗಲ ಇಷ್ಟು ಅಗಲ ಇರ್ಲಿ, ಇಲ್ಲಿಗೆ ಸಾಕು ಅಂತ. ಮನಿ ಎದ್ದಮ್ಯಾಲ ಆ ಮಾತು ಗ್ವಾಡ್ಯಾಗ ಇರ್ತಾವೇನು? ORG, EQU, END ಎಲ್ಲಾ ಹಂಗ. ನಮ್ಮ ಕೋಡನ್ನ ಚಿಪ್ಪಿನ ಭಾಷೆಗೆ ತಿರುವೋ ಅಸೆಂಬ್ಲರ್ ಅನ್ನೋ ಮೇಸ್ತ್ರಿಗೆ ಹೇಳೋ ಮಾತು. ಚಿಪ್ಪಿಗೆ ಗೊತ್ತೇ ಆಗಂಗಿಲ್ಲ."

ಎಲ್ಲ ಸರಿಯಾಯಿತೆಂದುಕೊಂಡರೆ ಲ್ಯಾಬಿನಲ್ಲಿ ಪರೀಕ್ಷಿಸಲು ಇಟ್ಟ ಪುಟ್ಟ ಮೋಟಾರ್ ಹುಚ್ಚಾಟ ಶುರುಮಾಡಿತು. ಒಮ್ಮೆ ಕರೆಂಟ್ ಬಂದ ಕೂಡಲೇ ಹೊರಡುತ್ತಿತ್ತು, ಮತ್ತೊಮ್ಮೆ ಎಷ್ಟು ಕಾದರೂ ಇಲ್ಲ. ವೈರು ಬದಲಿಸಿದೆವು, ಮೋಟಾರಿಗೆ ಕರೆಂಟ್ ಬಿಡುವ ರಿಲೇ ಬದಲಿಸಿದೆವು. ಪರೀಕ್ಷೆ ಹತ್ತಿರ ಬಂತು. ರೇಣುಕಾ ಅಳುವುದೊಂದೇ ಬಾಕಿ. ತಪ್ಪು ಏನೆಂದು ಮೇಡಂ ಹೇಳಲಿಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ನೀವು ಮೂವತ್ತು ಅಂತೀರೋ, ಮೂವತ್ತನೇ ನಂಬರ್ ಮನ್ಯಾಗ ಇದ್ದದ್ದು ತಗೊಂಬಾ ಅಂತೀರೋ?" ಎಂದಷ್ಟೇ ಕೇಳಿ ಹೊರಟುಹೋದರು.

ನಾವಿಬ್ಬರೂ ಆ ಸಾಲನ್ನೇ ನೋಡುತ್ತ ಕೂತೆವು. ಆಮೇಲೆ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಲ್ಲಿ WAIT ಎಂಬುದರ ಎಡಕ್ಕೆ # ಗುರುತು ಇರಲಿಲ್ಲ! ಆ ಗುರುತಿದ್ದರೆ ಅದು ಮೂವತ್ತೆಂಬ ಸಂಖ್ಯೆ. ಇಲ್ಲದಿದ್ದರೆ ಚಿಪ್ಪಿನ ನೆನಪಿನೊಳಗಿನ ಮೂವತ್ತನೇ ವಿಳಾಸ. ಅಲ್ಲಿ ಏನು ಬಿದ್ದಿದೆಯೋ ಚಿಪ್ಪು ಅದನ್ನೇ ಎಣಿಸಿಕೊಂಡು ಕಾಯುತ್ತಿತ್ತು. ಗುರುತು ಹಾಕಿ ಓಡಿಸಿದೆವು. ಮೂವತ್ತು ಸೆಕೆಂಡು... ಟಕ್ ಎಂದಿತು ರಿಲೇ. ರೇಣುಕಾ ನನ್ನನ್ನು ಅಪ್ಪಿಕೊಂಡು ಕೂಗಿದ್ದು ಕಾರಿಡಾರಿನ ಆ ತುದಿಗೂ ಕೇಳಿಸಿತಂತೆ.

ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಬಕೆಟ್ಟಿನ ನೀರಿನಲ್ಲಿ ನಮ್ಮ ಪುಟ್ಟ ಮೋಟಾರ್ ಓಡುವುದನ್ನು ನೋಡಿ, "ಎಲ್ಲಿ ಕೊಂಡ್ರಿ ಇದನ್ನ?" ಎಂದರು. ನಾವೇ ಮಾಡಿದ್ದೆಂದರೂ ನಂಬಲಿಲ್ಲ. "ಹಂಗಾರ ನನ್ನ ಮುಂದೆ ಹತ್ತು ಸೆಕೆಂಡಿಗೆ ಬದ್ಲಿ ಮಾಡ್ರಿ. ಮೇಡಂ, ನೀವು ಏನೂ ಹೇಳಬ್ಯಾಡ್ರಿ."

ಮೇಡಂ ಕೈಕಟ್ಟಿ ಗೋಡೆಗೆ ಒರಗಿ ನಿಂತರು. ನಾನು ಕೋಡಿನ ತಲೆಯ ಸಾಲಿನಲ್ಲಿ ಮೂವತ್ತನ್ನು ಅಳಿಸಿ ಹತ್ತು ಮಾಡಿದೆ. ಬೇರೆ ಯಾವ ಸಾಲನ್ನೂ ಮುಟ್ಟಲಿಲ್ಲ. ರೇಣುಕಾ ಚಿಪ್ಪಿಗೆ ಕೋಡ್ ಇಳಿಸಿ ಬೋರ್ಡಿಗೆ ಕೂರಿಸಿದಳು. ಪರೀಕ್ಷಕರು ಕೈಗಡಿಯಾರ ಹಿಡಿದು ನಿಂತರು. ಸರಿಯಾಗಿ ಹತ್ತಕ್ಕೆ ಮೋಟಾರ್ ಹೊರಟಿತು.

"ಆ WAIT ಅನ್ನೋ ಹೆಸರು ಚಿಪ್ಪಿನ್ಯಾಗ ಎಷ್ಟು ಜಾಗ ತಿಂತದ?" ಎಂದು ಕೇಳಿದರು.

"ಒಂಚೂರೂ ಇಲ್ರಿ ಸರ್. ಅದು ಮೇಸ್ತ್ರಿಗೆ ಹೇಳಿದ ಮಾತು!" ಎಂದಳು ರೇಣುಕಾ.

ಲ್ಯಾಬಿನಲ್ಲಿ ಚಪ್ಪಾಳೆ ಬಿತ್ತು. ಅಂದು ಮೇಡಂ ನಕ್ಕರು, ಬಾಯಿ ತುಂಬ. ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಇಬ್ಬರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಕೊಡಿಸಿದರು.

ಬೋರಿನ ಮೋಟಾರಿಗೆ ನಮ್ಮ ಬೋರ್ಡ್ ಹಾಕುವ ದಿನ ಮೇಡಂ ಕಂಪ್ಲಿ ಬಸ್ ಹಿಡಿದು ಎಮ್ಮಿಗನೂರಿಗೂ ಬಂದರು. ಅಪ್ಪ ಅವರನ್ನು, "ನೀವಽ ಸ್ವಿಚ್ ಹಾಕ್ರಿ ಮೇಡಂ" ಎಂದು ಕರೆದರು. "ನಿಮ್ಮ ಮಗಳು ಹಾಕ್ಲಿ ಬಿಡ್ರಿ" ಎಂದು ಅವರು ಹಿಂದೆ ಸರಿದರು. ಆ ಬೇಸಿಗೆಯಲ್ಲಿ ಬೋರು ಎಷ್ಟೋ ಸಲ ಬತ್ತಿತು, ಮೋಟಾರ್ ಒಮ್ಮೆಯೂ ಸುಡಲಿಲ್ಲ. ಅಪ್ಪ ಅದೇ ಕೆಲಸದಲ್ಲಿ ಉಳಿದರು.

ಮುಂದೆ ಮೇಡಂಗೆ ಬೇರೆ ಊರಿಗೆ ವರ್ಗವಾಯಿತು. ಫೋನ್ ಇತ್ತು, ಆಮೇಲೆ ಅದೂ ಕಡಿಮೆಯಾಯಿತು... ಹೋದ ವರ್ಷ ಕಾಯಿಲೆಯಿಂದ ತೀರಿಕೊಂಡರೆಂದು ರೇಣುಕಾ ತಿಳಿಸಿದಾಗ ಎಲ್ಲ ಮುಗಿದು ವಾರವಾಗಿತ್ತು.

ಈಗ ಪಾಲಿಟೆಕ್ನಿಕ್ಕಿನ ಹುಡುಗಿಯರು ತರಬೇತಿಗೆಂದು ನನ್ನಲ್ಲಿಗೆ ಬರುತ್ತಾರೆ. ನಿನ್ನೆ ಅವರಲ್ಲೊಬ್ಬಳು ತಾನೇ ಕಟ್ಟಿದ ಬೋರ್ಡನ್ನು ಮೊದಲ ಬಾರಿಗೆ ಓಡಿಸಿದಳು. ಅವಳ ಮುಖ ನೋಡಿ ಸಂತೋಷ ತಡೆಯಲಾರದೆ, ಯಾರಿಗಾದರೂ ಹೇಳಬೇಕೆಂದು ಫೋನ್ ಎತ್ತಿಕೊಂಡೆ. ಬೆರಳು ಮೇಡಂ ನಂಬರಿನ ಮೇಲೆ ಬಂದು ನಿಂತಿತು.