ಟ್ರ್ಯಾಕ್ಟರಿನ ಮೂತಿಗೆ ಅಜ್ಜಿಯ ಬೀಸುಕಲ್ಲು

ಅದು ಮಧ್ಯಾಹ್ನವೋ ಸಂಜೆಯೋ, ನನ್ನ ನೆನಪು ಪೂರ್ತಿ ನಂಬುವಂಥದ್ದಲ್ಲ. ಆದರೆ ಹುನಗುಂದದ ಹತ್ತಿರದ ಏರಿನಲ್ಲಿ, ಕಬ್ಬಿನ ಟ್ರೇಲರ್ ಎಳೆಯುತ್ತಿದ್ದ ನಮ್ಮ ಹಳೆಯ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಥಟ್ಟನೆ ಮೇಲೆದ್ದದ್ದು ಖರೆ. ಓಡಿಸುತ್ತಿದ್ದ ಕಾಕಾ ಸ್ಟೇರಿಂಗ್ ತಿರುಗಿಸಿದ್ದೆಲ್ಲ ವ್ಯರ್ಥವಾಯಿತು. ಪುಣ್ಯಕ್ಕೆ ಗಾಲಿಗಳು ಮತ್ತೆ ನೆಲ ಮುಟ್ಟಿದವು.

ಬದುವಿನಿಂದ ಅದನ್ನು ನೋಡಿದ ಅಜ್ಜಿ, ಮನೆಗೆ ಬಂದವಳೇ ತನ್ನ ಬೀಸುಕಲ್ಲು ತೋರಿಸಿದಳು. "ಹಿಂದಿನ ಭಾರ ವಜ್ಜಿ ಆದ್ರ ಚಕ್ಕಡಿನೂ ಮೂತಿ ಎತ್ತತೈತಿ. ಇದನ್ನ ಮುಂದ ಕಟ್ಟೋ."

"ಯವ್ವಾ, ಅದು ನಿನ್ನ ತವರಮನಿ ಕಲ್ಲು!" ಎಂದ ಕಾಕಾ.

"ನೀ ಬಿದ್ರ ತವರಮನಿಯವರು ಬಂದು ಎಬ್ಬಸ್ತಾರೇನು? ಕಟ್ಟು."

ಮೇಲಿನದು, ಕೆಳಗಿನದು ಎರಡೂ ಕಲ್ಲನ್ನು ಸರಪಳಿಯಿಂದ ಬಿಗಿದ ಮೇಲೆ ಟ್ರ್ಯಾಕ್ಟರ್ ತಲೆ ತಗ್ಗಿಸಿಕೊಂಡು ಏರು ಹತ್ತಿತು. ಅಮೀನಗಡದಲ್ಲಿ ಯಾರೋ, "ಜ್ವಾಳ ಬೀಸಿ ಕೊಡ್ತೀರೇನ್ರಿ?" ಎಂದು ಚೇಷ್ಟೆ ಮಾಡಿದರು. ಕಾಕಾನೂ ನಕ್ಕ.

ನಸುಕಿನಲ್ಲಿ ಬೀಸುತ್ತ ಹಾಡುತ್ತಿದ್ದ ಅಜ್ಜಿಯ ದನಿ ನನಗಿನ್ನೂ ನೆನಪಿದೆ. ಕಲ್ಲು ಕೊಟ್ಟ ಮೇಲೆ ಹಾಡಿದ ಒಂದು ಹಾಡೂ ನೆನಪಿಲ್ಲ. ಮರೆತವಳು ನಾನೋ, ನಿಲ್ಲಿಸಿದವಳು ಅವಳೋ? ಈಚೆಗೆ ಕಾಕಾನನ್ನು ಕೇಳಿದೆ: "ಕಾಕಾ, ಆಮ್ಯಾಲ ಅಜ್ಜಿ ಹಾಡಿದ್ದು ನೀ ಎಂದಾರ ಕೇಳಿದ್ದೀಯೇನು?"